ಎರರ್ ಪಾತ್‌ನಲ್ಲಿ ರೆಟ್: ಸೊನ್ನೆ ತುಂಬೋದಾ, ಖಾಲಿ ಬಿಡೋದಾ?

ಲಿನಕ್ಸ್ ಡ್ರೈವರ್‌ನ ಪ್ರೋಬ್ (ಸಾಧನ ಸಿಕ್ಕಾಗ ಅದನ್ನು ಸಜ್ಜು ಮಾಡುವ ಫಂಕ್ಷನ್) ಬರೆಯಲು ಕೂತರೆ ಕೈ ತಾನಾಗಿ 'ಇಂಟ್ ರೆಟ್ = 0;' ಅಂತ ಟೈಪ್ ಮಾಡಿಬಿಡುತ್ತದೆ. ರೆಟ್ ಅಂದರೆ ಫಂಕ್ಷನ್ ಹಿಂದಿರುಗಿಸುವ ವ್ಯಾಲ್ಯೂ: 0 ಆದರೆ ಯಶಸ್ಸು, ಮೈನಸ್ ಸಂಖ್ಯೆ ಆದರೆ ಎರರ್. ಕಂಪೈಲರ್ ತೆಪ್ಪಗಿರುತ್ತದೆ, ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಇದು ಎಷ್ಟು ಸರಿ ಅಂತ ನೋಡಲು ಒಂದು ಐ2ಸಿ ಸೆನ್ಸರ್ ಡ್ರೈವರ್ ಹಿಡಿದು, ಬೇಕಂತಲೇ ಒಂದು ಗೋಟುವಿಗೆ (ಎಡವಟ್ಟಾದಾಗ ಕ್ಲೀನಪ್ ಕಡೆ ಜಿಗಿಯುವ ಸಾಲು) ಮುಂಚೆ ರೆಟ್‌ಗೆ ಎರರ್ ಕೋಡ್ ಕೊಡದೆ ಬಿಟ್ಟೆ. ಕರ್ನಲ್‌ನ ಫೇಲ್‌ಸ್ಲ್ಯಾಬ್ ಅನ್ನೋ ಪರೀಕ್ಷಾ ಸೌಲಭ್ಯ ಹಾಕಿ ಮೆಮೊರಿ ಸಿಗದಂತೆ ಮಾಡಿದೆ.

ಮೇಲೆಯೇ ಸೊನ್ನೆ ತುಂಬಿದ್ದಾಗ ಪ್ರೋಬ್ 0 ಹಿಂದಿರುಗಿಸಿತು, ಅಂದರೆ 'ಎಲ್ಲ ಸರಿ'. ಕರ್ನಲ್‌ನ ಡ್ರೈವರ್ ಕೋರ್ ನಂಬಿ ಬೈಂಡ್ ಮಾಡಿತು, ಅಂದರೆ ಸಾಧನಕ್ಕೆ ಡ್ರೈವರ್ ಜೋಡಿಸಿತು. ಆಮೇಲೆ ಅನ್‌ಬೈಂಡ್ ಮಾಡಿದರೆ ನಲ್ ಪಾಯಿಂಟರ್, ಊಪ್ಸ್ (ಕರ್ನಲ್‌ನ ಕ್ರ್ಯಾಶ್ ವರದಿ). ಟ್ರೇಸ್ ಬೆರಳು ತೋರಿಸಿದ್ದು ಅನ್‌ಬೈಂಡ್ ಆಗುವಾಗ ಓಡುವ ರಿಮೂವ್ ಕಡೆಗೆ, ತಪ್ಪಿದ್ದದ್ದು ಪ್ರೋಬ್‌ನಲ್ಲಿ.

ಖಾಲಿ ಬಿಟ್ಟಾಗ ಕ್ಲ್ಯಾಂಗ್ ಕಂಪೈಲರ್ ಬಿಲ್ಡ್‌ನಲ್ಲೇ ಸಾಲಿನ ನಂಬರ್ ಸಮೇತ ಹಿಡಿದುಕೊಟ್ಟಿತು: ಈ ಇಫ್ ನಿಜವಾದರೆ ರೆಟ್‌ಗೆ ವ್ಯಾಲ್ಯೂ ಇಲ್ಲ ಅಂತ. ಇನ್ನೊಂದು ಕಂಪೈಲರ್ ಜಿಸಿಸಿ ಮೇಲೆ ಈ ಭರವಸೆ ಬೇಡ. ಸುಳ್ಳು ಎಚ್ಚರಿಕೆಗಳ ಕಾಟಕ್ಕೆ 2020ರಲ್ಲಿ, ಕರ್ನಲ್ 5.7ರ ಹೊತ್ತಿಗೆ, ಅದರ 'ಮೇಬಿ ಅನ್‌ಇನಿಶಿಯಲೈಸ್ಡ್' ವಾರ್ನಿಂಗನ್ನು ಕರ್ನಲ್‌ನ ಮಾಮೂಲಿ ಬಿಲ್ಡ್‌ನಿಂದ ತೆಗೆದು ಹೆಚ್ಚುವರಿ ಎಚ್ಚರಿಕೆ ಕೊಡುವ ಡಬ್ಲ್ಯೂ=2 ಬಿಲ್ಡ್‌ಗೆ ತಳ್ಳಿದ್ದಾರೆ.

ಸ್ಟ್ಯಾಕ್‌ನಲ್ಲಿರುವ (ಫಂಕ್ಷನ್‌ನ ಒಳಗಿನ) ಖಾಲಿ ವೇರಿಯಬಲ್‌ಗಳಿಗೆ ಕಂಪೈಲರೇ ಸೊನ್ನೆ ಅಥವಾ ಒಂದು ಗೊತ್ತಾದ ಪ್ಯಾಟರ್ನ್ ತುಂಬುವ ಆಯ್ಕೆಯೂ ಇದೆ. ಇಲ್ಲಿ ಸಾಮಾನ್ಯವಾಗಿ ಸೊನ್ನೆಯನ್ನೇ ಆರಿಸುತ್ತಾರೆ; ಹಳೇ ಡೇಟಾ ಸೋರದಂತೆ ತಡೆಯಲು ಅದು ಒಳ್ಳೆಯದೇ. ಆದರೆ ನಮ್ಮ ರೆಟ್‌ಗೆ ಮತ್ತದೇ 0, ಮತ್ತದೇ ಸುಳ್ಳು ಯಶಸ್ಸು. ಪ್ಯಾಟರ್ನ್ ಹಾಕಿದಾಗ ಕಥೆಯೇ ಬೇರೆ. 64 ಬಿಟ್‌ನಲ್ಲಿ ಕ್ಲ್ಯಾಂಗ್ ಇಂಟ್‌ನ ಪ್ರತಿ ಬೈಟ್‌ಗೂ 0ಎಕ್ಸ್‌ಎಎ ತುಂಬುತ್ತದೆ, ಹಾಗಾಗಿ ಪ್ರೋಬ್ -1431655766 ಎರರ್‌ನೊಂದಿಗೆ ಬಿತ್ತು ಅಂತ ಡಿಮೆಸ್ಗ್‌ನಲ್ಲಿ (ಕರ್ನಲ್ ಲಾಗ್) ಬಂತು. ಅಂಥ ಎರರ್ ಕೋಡ್ ಯಾವ ಹೆಡರ್‌ನಲ್ಲೂ ಇಲ್ಲ. ಕಂಡ ಕೂಡಲೇ ವಿಷಯ ಗೊತ್ತಾಗುತ್ತದೆ.

ಕರ್ನಲ್ 6.5ರಿಂದ ಬಂದ ಅಂಡರ್‌ಸ್ಕೋರ್ ಫ್ರೀ (ವೇರಿಯಬಲ್‌ನ ವ್ಯಾಪ್ತಿ ಮುಗಿದಾಗ ಮೆಮೊರಿಯನ್ನು ತಾನಾಗಿ ಬಿಡಿಸುವ ಗುರುತು) ಬಳಸಿದರೆ ಗೋಟುಗಳೇ ಕಮ್ಮಿ. ಆದರೆ ಘೋಷಿಸಿದ ಸಾಲಲ್ಲೇ ಪಾಯಿಂಟರ್‌ಗೆ ವ್ಯಾಲ್ಯೂ ಕೊಡಬೇಕು, ಇಲ್ಲದಿದ್ದರೆ ನಡುವೆ ರಿಟರ್ನ್ ಆದಾಗ ಮೆಮೊರಿ ಬಿಡಿಸುವ ಕೆಫ್ರೀಗೆ ಕಸ ಹೋಗುತ್ತದೆ.

ನನ್ನ ಡೆವಲಪ್‌ಮೆಂಟ್ ಬಿಲ್ಡ್‌ಗೆ ಈಗ ಕ್ಲ್ಯಾಂಗ್, ಪ್ಯಾಟರ್ನ್, ಖಾಲಿ ರೆಟ್. ಗ್ರಾಹಕರಿಗೆ ಹೋಗುವ ಬಿಲ್ಡ್‌ಗೆ ಸೊನ್ನೆ. ಚಿಪ್‌ನ ರಿಜಿಸ್ಟರ್ ಓದುವ ರೆಗ್‌ಮ್ಯಾಪ್ ರೀಡ್‌ಗೆ ವೇರಿಯಬಲ್‌ನ ವಿಳಾಸ ಕೊಟ್ಟು ರಿಟರ್ನ್ ನೋಡದೇ ಬಿಟ್ಟ ಕಡೆ ಮಾತ್ರ ಕ್ಲ್ಯಾಂಗ್ ಕೂಡ ಸುಮ್ಮನಿರುತ್ತದೆ. ಅದಕ್ಕೆ ಸ್ಮ್ಯಾಚ್ (ಕೋಡ್ ಓಡಿಸದೆಯೇ ತಪ್ಪು ಹುಡುಕುವ ಟೂಲ್) ಓಡಿಸಬೇಕು.