ಎಚ್‌ಎಂಟಿ ಜನತಾ: ಕೆಲವು ವರ್ಷ ಕಟ್ಟಿದ ಮೇಲೆ

ಸೆಕೆಂಡ್ ಲೆಕ್ಕದಲ್ಲಿ ಕರೆಕ್ಟ್ ಟೈಮ್ ಬೇಕು ಅನ್ನುವವರು ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚ್ ತಗೊಳ್ಳಿ. ನನ್ನ ಕೀ ಕೊಡುವ ಎಚ್‌ಎಂಟಿ ವಾಚ್ ಜನತಾ ದಿನಕ್ಕೆ ಸುಮಾರು 20 ಸೆಕೆಂಡ್ ಮುಂದೆ ಓಡುತ್ತದೆ. ಆದರೆ ದಿನಕ್ಕೆ 86,400 ಸೆಕೆಂಡ್ ಅಲ್ವಾ? ತಪ್ಪು ಶೇ 0.02ರಷ್ಟು. ಬ್ಯಾಟರಿ ಇಲ್ಲದೆ, ಬರೀ ಸುತ್ತಿಟ್ಟ ಸ್ಪ್ರಿಂಗ್ ಬಲದಲ್ಲಿ ಓಡುವ ಯಂತ್ರಕ್ಕೆ ಇದು ಜಾಸ್ತಿ ಅಂತ ನನಗನ್ನಿಸುವುದಿಲ್ಲ.

ಬೆಳಿಗ್ಗೆ ಕಾಫಿ ಆದ ಮೇಲೆ ಕೀ ಕೊಡುತ್ತೇನೆ. ಮೇನ್‌ಸ್ಪ್ರಿಂಗ್ ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಹಲ್ಲಿನ ಚಕ್ರಗಳನ್ನು ತಳ್ಳುತ್ತದೆ. ಹಾಗೇ ಬಿಟ್ಟರೆ ಎಲ್ಲ ಒಂದೇ ಸಲ ಗರಗರ ತಿರುಗಿ ನಿಂತುಬಿಡುತ್ತದೆ. ಅದನ್ನು ತಡೆದು ತಡೆದು ಬಿಡುವುದು ಪ್ಯಾಲೆಟ್ ಫೋರ್ಕ್. ಅದಕ್ಕೆ ತಾಳ ಹಾಕುವುದು ಅತ್ತಿತ್ತ ಆಡುವ ಬ್ಯಾಲೆನ್ಸ್ ವೀಲ್ ಮತ್ತು ಕೂದಲಿನಷ್ಟು ತೆಳ್ಳಗಿನ ಹೇರ್‌ಸ್ಪ್ರಿಂಗ್. ಸೆಕೆಂಡಿಗೆ 5 ಟಿಕ್, ಗಂಟೆಗೆ 18,000. ಡಯಲ್ ಮೇಲಿನ '17 ಜ್ಯುವೆಲ್ಸ್' ನೋಡಿ ಒಳಗೆ ಬೆಲೆಬಾಳುವ ಕಲ್ಲಿದೆ ಅಂದುಕೊಳ್ಳಬೇಡಿ. ಅವು ಕೃತಕ ಮಾಣಿಕ್ಯ. ಚಕ್ರದ ಕಡ್ಡಿ ತಿರುಗುವ ಕಡೆ ಸವೆತ ಕಮ್ಮಿ ಮಾಡಲಿಕ್ಕೆ ಕೂರಿಸುತ್ತಾರೆ, ಅಷ್ಟೇ.

ಈ ವಾಚಿನಿಂದ ನನಗಾದ ದೊಡ್ಡ ತಲೆನೋವು ಅಂದರೆ ಅಯಸ್ಕಾಂತ. ಒಂದು ದಿನ ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡತೊಡಗಿತು. ಒಂದು ಅಂಗಡಿಯವರು ಮುಚ್ಚಳ ಕೂಡ ತೆಗೆಯದೆ 'ಮಷೀನೇ ಬದಲಾಯಿಸಬೇಕು ಸಾರ್' ಅಂದರು. ಚಿಕ್ಕಪೇಟೆ ಕಡೆ ಕೂರುವ ವಯಸ್ಸಾದ ರಿಪೇರಿಯವರೊಬ್ಬರು ಮಾತ್ರ ವಾಚ್ ಪಕ್ಕ ದಿಕ್ಸೂಚಿ ಹಿಡಿದರು. ಮುಳ್ಳು ಅಲ್ಲಾಡಿತು. 'ಫೋನ್ ಕವರಲ್ಲಿ ಮ್ಯಾಗ್ನೆಟ್ ಇದ್ಯಾ?' ಅಂತ ಕೇಳಿದರು. ಇತ್ತು. ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗ್ ಗಿಡ್ಡ ಆದ ಹಾಗೆ, ಬ್ಯಾಲೆನ್ಸ್ ಬೇಗ ಬೇಗ ಆಡುತ್ತದೆ. ಅಯಸ್ಕಾಂತದ ಗುಣ ಹೋಗಲಾಡಿಸುವ ಡೀಮ್ಯಾಗ್ನೆಟೈಸರ್ ಮೇಲಿಟ್ಟು ತೆಗೆದರು, ಸರಿಹೋಯಿತು. ದುಡ್ಡು ಕೊಡಲು ಹೋದರೆ 'ಕಾಫಿಗೆ ಕೊಡಿ ಸಾಕು' ಅಂದರು.

ಬೇಸರಗಳೂ ಇವೆ. ಕೀ ತಿರುಪು ಎಳೆದರೂ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ, ಹಾಗಾಗಿ ಸೆಕೆಂಡಿಗೆ ಸರಿಯಾಗಿ ಹೊಂದಿಸಲು ಆಗದು. ಮಳೆಯಲ್ಲಿ ನಾನು ಜೇಬಿಗೆ ಹಾಕಿಕೊಳ್ಳುತ್ತೇನೆ. ಒಳಗಿನ ಎಣ್ಣೆ ಒಣಗುವುದರಿಂದ ಕೆಲವು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ತೊಳೆಸಬೇಕು. ಹೊಸ ವಾಚಿನ ಬೆಲೆಗೆ ಹೋಲಿಸಿದರೆ ಆ ಖರ್ಚು ಸ್ವಲ್ಪ ಚುಚ್ಚುತ್ತದೆ, ನಿಜ.

1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ನಮ್ಮ ಬೆಂಗಳೂರಲ್ಲೇ ಶುರುವಾದ ಫ್ಯಾಕ್ಟರಿ ಎಚ್‌ಎಂಟಿ ವಾಚಿನದು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಒಪ್ಪಿತು. ಹಾಗಾಗಿ ಈಗ ಹಳೆಯದನ್ನು ಕೊಳ್ಳುವವರೇ ಜಾಸ್ತಿ. ಡಯಲ್ ಪಳಪಳ ಹೊಳೆದರೆ ಅನುಮಾನಪಡಿ, ಹೊಸ ಬಣ್ಣ ಹೊಡೆದಿರಬಹುದು. ಹಿಂದಿನ ಮುಚ್ಚಳ ತೆಗೆದ ಫೋಟೊ ಕೇಳಿ. ಕೊಡಲು ಹಿಂದೇಟು ಹಾಕಿದರೆ ಬೇರೆ ಅಂಗಡಿ ನೋಡಿ.