ಗಿಟ್ ವರ್ಕ್‌ಟ್ರೀ: ಬ್ರ್ಯಾಂಚಿಗೊಂದು ಫೋಲ್ಡರ್

ನಮ್ಮ ಆ್ಯಪ್ ಆಂಡ್ರಾಯ್ಡ್, ಐಒಎಸ್, ವಿಂಡೋಸ್ ಮೂರರಲ್ಲೂ ಓಡುತ್ತದೆ. ಒಳಗಿನ ಸಿಂಕ್ ಕೋಡ್ ಮಾತ್ರ ಎಲ್ಲಕ್ಕೂ ಒಂದೇ, ಸಿ ಪ್ಲಸ್ ಪ್ಲಸ್‌ನಲ್ಲಿದೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಮೊದಲು ಮೂರಕ್ಕೂ ಬೇರೆ ಬೇರೆ ಬ್ರ್ಯಾಂಚ್, ಅಂದರೆ ಕೋಡಿನ ಪ್ರತ್ಯೇಕ ಕವಲು, ಇಟ್ಟಿದ್ದೆವು. ಫೆಬ್ರವರಿ 29ನ್ನು ಮಾರ್ಚ್ 1 ಎಂದು ಉಳಿಸುವ ಬಗ್ ಒಂದಿತ್ತು. ಆಂಡ್ರಾಯ್ಡ್‌ನಲ್ಲಿ ಸರಿಮಾಡಿ, ಐಒಎಸ್‌ಗೆ ಚೆರ್ರಿ-ಪಿಕ್ ಮಾಡಿದೆ, ಅಂದರೆ ಆ ಒಂದು ಬದಲಾವಣೆಯನ್ನಷ್ಟೇ ಅಲ್ಲಿಗೆ ನಕಲಿಸಿದೆ. ವಿಂಡೋಸ್‌ಗೆ ಮಾಡುವುದು ಮರೆತುಹೋಯಿತು. ಅದೇ ಬಗ್ ಅಲ್ಲಿಂದ ಮತ್ತೆ ಬಂದಾಗ ಮೂರೂ ಬ್ರ್ಯಾಂಚಿನ ಆ ಫೈಲನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಹೆಸರು ಒಂದೇ, ಕೋಡ್ ಮೂರು ಥರ. ತುಂಬಾ ಬೇಜಾರಾಯಿತು.

ಪ್ಲಾಟ್‌ಫಾರ್ಮಿಗೊಂದು ಬ್ರ್ಯಾಂಚ್ ಬೇಡವೇ ಬೇಡ ಅಂತ ಆಗ ಗೊತ್ತಾಯಿತು. ಎಲ್ಲವನ್ನೂ ಮೇನ್ ಎಂಬ ಮುಖ್ಯ ಬ್ರ್ಯಾಂಚಿಗೆ ತಂದೆವು, ವ್ಯತ್ಯಾಸವಿರುವ ಭಾಗಗಳು ಫೋಲ್ಡರ್‌ಗಳಿಗೆ ಹೋದವು. ಬ್ರ್ಯಾಂಚ್ ಉಳಿದದ್ದು ರಿಲೀಸ್‌ಗೆ ಮಾತ್ರ. ಆ್ಯಪ್ ಸ್ಟೋರ್ ಪರಿಶೀಲನೆಯಲ್ಲಿರುವಾಗ ಏನಾದರೂ ತಿದ್ದಬೇಕಾದರೆ ಕಳಿಸಿದ ಕೋಡ್ ಹಾಗೇ ಕೈಗೆ ಸಿಗಬೇಕು, ಅಲ್ವಾ?

ಆದರೆ ಮೇನ್‌ನಿಂದ ರಿಲೀಸ್‌ಗೆ, ಮತ್ತೆ ಮೇನ್‌ಗೆ ಜಿಗಿಯುವುದೇ ದೊಡ್ಡ ಕಿರಿಕಿರಿ. ಚೆಕ್‌ಔಟ್ ಮಾಡಿದಾಗ, ಅಂದರೆ ಬ್ರ್ಯಾಂಚ್ ಬದಲಿಸಿದಾಗ, ಬದಲಾದ ಫೈಲ್‌ಗಳ ಸಮಯವೂ ಹೊಸದಾಗುತ್ತದೆ. ಒಂದು ಹೆಡರ್ ಬದಲಾದರೆ ಸಾಕು, ಅದನ್ನು ಸೇರಿಸಿಕೊಂಡ ಫೈಲ್‌ಗಳೆಲ್ಲ ಮತ್ತೆ ಕಂಪೈಲ್ ಆಗುತ್ತವೆ. ಅರ್ಧ ಬರೆದ ಕೆಲಸ ಸ್ಟ್ಯಾಶ್‌ನಲ್ಲಿ, ಅಂದರೆ ಗಿಟ್‌ನ ತಾತ್ಕಾಲಿಕ ಜಾಗದಲ್ಲಿ, ಕೂರುತ್ತದೆ.

ಇದಕ್ಕೆ ಬ್ರ್ಯಾಂಚಿಗೊಂದು ಫೋಲ್ಡರ್ ಕೊಡುವ ಗಿಟ್ ಸೌಲಭ್ಯ, ವರ್ಕ್‌ಟ್ರೀ, ಸರಿಯಾದ ಮದ್ದು. 2015ರಲ್ಲಿ, ಗಿಟ್ 2.5ರಲ್ಲೇ ಬಂದಿದೆ, ನನಗೆ ಗೊತ್ತಾಗಿದ್ದು ತಡವಾಗಿ. 'ಗಿಟ್ ವರ್ಕ್‌ಟ್ರೀ ಆ್ಯಡ್' ಎಂದು ಬರೆದು, ಫೋಲ್ಡರ್ ಮತ್ತು ಬ್ರ್ಯಾಂಚ್ ಹೆಸರು ಕೊಟ್ಟರೆ ಆಯಿತು. ರಿಲೀಸ್ ಬ್ರ್ಯಾಂಚ್ ಪಕ್ಕದ ಫೋಲ್ಡರ್‌ನಲ್ಲಿ ತೆರೆದುಕೊಳ್ಳುತ್ತದೆ. ಅದರ ಬಿಲ್ಡ್ ಅದಕ್ಕೇ, ಮೇನ್‌ನ ಬಿಲ್ಡ್ ಮುಟ್ಟುವುದೇ ಇಲ್ಲ. ಇತಿಹಾಸ ಎರಡಕ್ಕೂ ಒಂದೇ. ಹಾಗಾಗಿ ಮೇನ್‌ನಲ್ಲಿ ಕಮಿಟ್ ಮಾಡಿದ್ದನ್ನು (ದಾಖಲಿಸಿದ್ದನ್ನು) ಪುಶ್, ಪುಲ್ ಇಲ್ಲದೆ, ಅಂದರೆ ಸರ್ವರ್‌ಗೆ ಕಳಿಸಿ ತರಿಸಿಕೊಳ್ಳದೆ, ಅಲ್ಲಿ ಚೆರ್ರಿ-ಪಿಕ್ ಮಾಡಬಹುದು. ಒಂದೇ ಬ್ರ್ಯಾಂಚನ್ನು ಎರಡು ಕಡೆ ತೆರೆಯಲು ಹೋದರೆ ಗಿಟ್ ಬಿಡುವುದಿಲ್ಲ. ಮೊದಲು ಸಿಟ್ಟು ಬಂತು, ಈಗ ಆ ತಡೆ ನನಗೆ ತುಂಬಾ ಇಷ್ಟ.

ಕೊರತೆಗಳೂ ಇವೆ. ಗಿಟ್‌ಗೆ ಸೇರಿಸದ ಫೈಲ್‌ಗಳು, ಅಂದರೆ ಆ್ಯಪ್‌ಗೆ ಸಹಿ ಹಾಕುವ ಸೈನಿಂಗ್ ಕೀ, ಲೋಕಲ್ ಸೆಟ್ಟಿಂಗ್‌ನಂಥವು, ಹೊಸ ಫೋಲ್ಡರ್‌ಗೆ ಬರುವುದಿಲ್ಲ. ಆಂಡ್ರಾಯ್ಡ್ ಬಿಲ್ಡ್ ನಿಂತಾಗ ಇದನ್ನು ಹುಡುಕಲು ಒಂದು ಸಂಜೆ ಹೋಯಿತು. ಕೆಲಸ ಮುಗಿದ ಮೇಲೆ ಫೋಲ್ಡರನ್ನು ಸುಮ್ನೆ ಅಳಿಸಬೇಡಿ, 'ವರ್ಕ್‌ಟ್ರೀ ರಿಮೂವ್' ಬಳಸಿ. ಅಳಿಸಿಬಿಟ್ಟಿದ್ದರೆ 'ವರ್ಕ್‌ಟ್ರೀ ಪ್ರೂನ್' ಮಾಡಿ, ಗಿಟ್‌ನಲ್ಲಿ ಉಳಿದ ಅದರ ದಾಖಲೆ ಹೋಗುತ್ತದೆ. ಸಬ್‌ಮಾಡ್ಯೂಲ್ (ಒಳಗೆ ಸೇರಿಸಿದ ಬೇರೆ ಗಿಟ್ ಪ್ರಾಜೆಕ್ಟ್) ಜಾಸ್ತಿ ಇರುವ ಪ್ರಾಜೆಕ್ಟ್ ಆದರೆ ಇದರ ಗೋಜಿಗೆ ಹೋಗಬೇಡಿ. ಅಲ್ಲಿ ಬೆಂಬಲ ಇನ್ನೂ ಪೂರ್ತಿಯಾಗಿಲ್ಲ ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ.