ದೊಡ್ಡ ಉಪ್ಪುನೀರಿನ ಟ್ಯಾಂಕಿಗೆ ಪ್ರೋಟೀನ್ ಸ್ಕಿಮ್ಮರ್: ಎಸಿ ಪಂಪ್, ಡಿಸಿ ಪಂಪ್ ಎರಡನ್ನೂ ವರ್ಷಗಟ್ಟಲೆ ಓಡಿಸಿದ ಮೇಲೆ

ಪ್ರೋಟೀನ್ ಸ್ಕಿಮ್ಮರ್ ಎಂದರೆ ಗಾಳಿಗುಳ್ಳೆಗೆ ಅಂಟುವ ಕೊಳೆಯನ್ನು ನೊರೆಯಾಗಿ ಕುತ್ತಿಗೆಯ ಮೂಲಕ ಮೇಲಿನ ಕಪ್ಪಿಗೆ ಏರಿಸಿ ನೀರಿನಿಂದ ತೆಗೆಯುವ ಸಾಧನ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್, ಕೆಳಗೆ ಕ್ಯಾಬಿನೆಟ್ಟಿನಲ್ಲಿ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಬಂದು ಮತ್ತೆ ಮೇಲೇರುವ ತೊಟ್ಟಿ. ಕಲ್ಲು, ಮರಳು ಕಳೆದರೆ ಒಟ್ಟು ಸುಮಾರು 700 ಲೀಟರ್ ನೀರು. ಈ ಅಳತೆಗೆ ಸಂಪಿನೊಳಗೇ ಕೂರುವ, ನೀಡಲ್ ವೀಲ್ ಇಂಪೆಲ್ಲರ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ, ಸೂಜಿಗಳಿರುವ ಚಕ್ರ) ಇರುವ, 200 ಮಿ.ಮೀ. ವ್ಯಾಸದ ಮೈಯ ಎರಡು ಬಗೆಯ ಸ್ಕಿಮ್ಮರ್‌ಗಳನ್ನು ಬೆಂಗಳೂರಿನ ಕರೆಂಟಿನಲ್ಲಿ ಬಹುಕಾಲ ಓಡಿಸಿ ನೋಡಿದ ಮೇಲೆ ಬರೆದದ್ದು ಇದು. ಒಂದರದು 230 ವೋಲ್ಟಿನ ಎಸಿ ಪಂಪ್, ಇನ್ನೊಂದರದು ಅಡಾಪ್ಟರ್, ಕಂಟ್ರೋಲರ್ ಸಮೇತ ಬರುವ 24 ವೋಲ್ಟಿನ ಡಿಸಿ ಪಂಪ್. ಟ್ಯಾಂಕ್ ಹಾಲಿನಲ್ಲೋ ಮಲಗುವ ಕೋಣೆಯಲ್ಲೋ ಇದ್ದರೆ ಡಿಸಿ ಕೊಳ್ಳಿ. ಸಂಪ್ ಯುಟಿಲಿಟಿಯಲ್ಲೋ ಬೇರೆ ಕೋಣೆಯಲ್ಲೋ ಇದ್ದರೆ ಎಸಿ ಸಾಕು, ಬಾಳಿಕೆಯೂ ಅದಕ್ಕೇ ಹೆಚ್ಚು.

ನೊರೆ ತೆಗೆಯುವ ಶಕ್ತಿಯ ಬಗ್ಗೆ ಜಾಹೀರಾತು ಹೇಳುವುದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸ್ಕಿಮ್ಮರ್ ನೀರಿನ ಒಟ್ಟು ಸಾವಯವ ಇಂಗಾಲದಲ್ಲಿ ಸುಮಾರು 20ರಿಂದ 30 ಶೇಕಡಾ ಮಾತ್ರ ತೆಗೆಯಿತು, ಅದರ ಮೇಲೆ ಎಷ್ಟು ಓಡಿಸಿದರೂ ಹೆಚ್ಚು ಇಳಿಯಲಿಲ್ಲ. ಪರೀಕ್ಷೆಗೆ ಒಳಪಟ್ಟ ಮಾದರಿಗಳ ನಡುವೆಯೂ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಗಾಳಿ–ನೀರಿನ ಅಂಚಿಗೆ ಅಂಟಿಕೊಳ್ಳುವ ಗುಣವಿರುವ ಕಣಗಳಷ್ಟೇ ಗುಳ್ಳೆಯ ಜೊತೆ ಮೇಲೇರುತ್ತವೆ, ಉಳಿದವು ಏರುವುದಿಲ್ಲ. ಹಾಗಾಗಿ ಸರಿಯಾದ ಅಳತೆಯ ಯಾವ ಸ್ಕಿಮ್ಮರ್ ಆದರೂ ಕೆಲಸ ಮಾಡುತ್ತದೆ. ಸದ್ದು, ಸ್ಥಿರತೆ, ಪಂಪಿನ ಬಾಳಿಕೆ, ಬಿಡಿಭಾಗ ಸಿಗುತ್ತದೆಯೇ ಎಂಬುದು: ವರ್ಷಗಳು ಕಳೆದ ಮೇಲೆ ಅಂತರ ಕಾಣುವುದು ಇಲ್ಲಿ.

ಅಳತೆಯ ಮಾತು. ಡಬ್ಬದ ಮೇಲೆ "1500 ಲೀಟರ್‌ವರೆಗೆ" ಎಂದಿದ್ದರೆ ಅದು ಮೀನು ಕಡಿಮೆ ಇರುವ ಟ್ಯಾಂಕಿನ ಲೆಕ್ಕ. ಮೀನು ತುಂಬಾ ಇದ್ದು ದಿನಕ್ಕೆರಡು ಹೊತ್ತು ಆಹಾರ ಹಾಕುವವರು ಆ ಸಂಖ್ಯೆಯ ಅರ್ಧ ಹಿಡಿಯಬೇಕು. ಹಾಗೆಂದು ಎರಡು ಮೂರು ಪಟ್ಟು ದೊಡ್ಡದು ತಂದರೂ ತೊಂದರೆಯೇ. ಅಗಲವಾದ ಕುತ್ತಿಗೆ ತುಂಬುವಷ್ಟು ಕೊಳೆ ನೀರಿನಲ್ಲಿ ಇಲ್ಲದಿದ್ದರೆ ನೊರೆ ಅರ್ಧಕ್ಕೇರಿ ಒಡೆದು ಇಳಿಯುತ್ತದೆ, ಕಪ್ ಎರಡು ದಿನ ಖಾಲಿಯಿದ್ದು ಮೂರನೇ ದಿನ ಒಮ್ಮೆಲೇ ತುಂಬುತ್ತದೆ. 700 ಲೀಟರಿಗೆ, ಮಧ್ಯಮ ಮೀನಿನ ಸಂಖ್ಯೆಗೆ, 200 ಮಿ.ಮೀ. ಮೈ ಸರಿಹೊಂದುತ್ತದೆ. ಬರೀ ಹವಳ, ನಾಲ್ಕೈದು ಸಣ್ಣ ಮೀನು ಇದ್ದರೆ 150 ಮಿ.ಮೀ. ಮೈಯದೇ ಮೇಲು.

ಇನ್ನು ಸದ್ದು. ಸ್ಕಿಮ್ಮರ್ ಗಲಾಟೆ ಮಾಡುತ್ತದೆ ಎನ್ನುವವರು ಆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಮೊದಲು ಬೇರ್ಪಡಿಸಿ ನೋಡಬೇಕು, ಯಾಕೆಂದರೆ ಸದ್ದು ನಾಲ್ಕು ಬಗೆ, ನಾಲ್ಕಕ್ಕೂ ಮದ್ದು ಬೇರೆ. ಗಾಳಿ ಕೊಳವೆಯ ಬಾಯಿಗೆ ಬೆರಳಿಟ್ಟು ಒಂದು ಕ್ಷಣ ಮುಚ್ಚಿ. ಸದ್ದು ನಿಂತರೆ ಅದು ಗಾಳಿ ಎಳೆಯುವ ಸೀಟಿ. ಸೈಲೆನ್ಸರ್ ಹಾಕಿ, ಇಲ್ಲವೇ ಕೊಳವೆಯನ್ನು ಒಂದು ಮೀಟರ್ ಉದ್ದ ಮಾಡಿ ಕ್ಯಾಬಿನೆಟ್ಟಿನ ಹಿಂದಕ್ಕೆ ಒಯ್ಯಿರಿ. ಮುಚ್ಚಿದರೂ ಗುಂಯ್‌ಗುಡುತ್ತಿದ್ದರೆ ಪಂಪಿನ ಕಂಪನ. ಎಸಿ ಪಂಪ್ 50 ಹರ್ಟ್ಸ್ ಕರೆಂಟಿನಲ್ಲಿ 100 ಹರ್ಟ್ಸಿನ ಗುಂಯ್‌ಕಾರ ಕೊಡುತ್ತದೆ. ಅದು ಪಂಪಿನಿಂದ ಸಂಪಿನ ಗಾಜಿಗೆ, ಗಾಜಿನಿಂದ ಪ್ಲೈವುಡ್ಡಿಗೆ ಇಳಿದು ಇಡೀ ಕ್ಯಾಬಿನೆಟ್ ಮೊಳಗುತ್ತದೆ. ಸ್ಕಿಮ್ಮರಿನ ಕಾಲಡಿ ದಪ್ಪ ಸಿಲಿಕೋನ್ ಮ್ಯಾಟ್ ಹಾಕಿ, ಮೈ ಸಂಪಿನ ಗೋಡೆಗೆ ತಾಗದಂತೆ ಎರಡು ಬೆರಳು ದೂರವಿಟ್ಟರೆ ಇದರ ಬಹುಪಾಲು ಅಡಗುತ್ತದೆ. ಡಿಸಿ ಪಂಪಿನಲ್ಲಿ ಈ ಗುಂಯ್‌ಕಾರ ಕೇಳಿಸುವುದೇ ಅಪರೂಪ, ಜೊತೆಗೆ ವೇಗ ಇಳಿಸಬಹುದು. ರಾತ್ರಿ ಫ್ಯಾನ್ ಆರಿಸಿದ ಕೋಣೆಯಲ್ಲೂ ಕ್ಯಾಬಿನೆಟ್ ಬಾಗಿಲು ಮುಚ್ಚಿದರೆ ಅದು ಇದೆಯೆಂದೇ ತಿಳಿಯುವುದಿಲ್ಲ. ಈ ಒಂದು ಗುಣಕ್ಕೇ ಹೆಚ್ಚಿನ ಹಣ ಸಾರ್ಥಕ ಎನ್ನುವುದು ನಮ್ಮ ದೃಢ ಅಭಿಪ್ರಾಯ. ಮೂರನೆಯದು ಹೊರಹರಿವಿನ ನೀರು ಧುಮುಕುವ ಸದ್ದು. ಔಟ್‌ಲೆಟ್ ಪೈಪಿನ ಬಾಯಿಗೆ ಎಲ್ಬೋ ಹಾಕಿ ನೀರಿನ ಮಟ್ಟದ ಕೆಳಗೆ ಬಿಟ್ಟರೆ ಮುಗಿಯಿತು. ನಾಲ್ಕನೆಯದು ಕಟಕಟ ಎನ್ನುವ ಸದ್ದು: ಇಂಪೆಲ್ಲರಿನ ಸೆರಾಮಿಕ್ ಕಡ್ಡಿ ಸವೆದಿದೆ ಅಥವಾ ಬಸವನಹುಳುವಿನ ಚಿಪ್ಪೊಂದು ಒಳಗೆ ಸಿಕ್ಕಿಕೊಂಡಿದೆ. ಇದನ್ನು ನಾಳೆಗೆ ಬಿಡಬೇಡಿ.

ಸಂಪಿನಲ್ಲಿ ಸ್ಕಿಮ್ಮರ್ ಇರುವ ಕೋಣೆಯ ನೀರಿನ ಮಟ್ಟ ಕದಲಬಾರದು. ಬಹುತೇಕ ಮಾದರಿಗಳು ಕೇಳುವುದು 20ರಿಂದ 23 ಸೆಂ.ಮೀ. ಆಳ. ಒಂದು ಸೆಂ.ಮೀ. ಏರಿದರೂ ಕಪ್ಪಿಗೆ ತಿಳಿನೀರು ನುಗ್ಗುತ್ತದೆ, ಇಳಿದರೆ ನೊರೆ ಕುತ್ತಿಗೆ ಮುಟ್ಟುವುದಿಲ್ಲ. ಆದ್ದರಿಂದ ಆ ಕೋಣೆಗೆ ನೀರಿನ ಎತ್ತರ ಕಾಯುವ ಬ್ಯಾಫಲ್ (ಅಡ್ಡತಡೆ) ಗಾಜು ಇರಲೇಬೇಕು. ಆವಿಯಾಗುವ ನೀರಿನ ಏರಿಳಿತ ನೀರನ್ನು ಮತ್ತೆ ಟ್ಯಾಂಕಿಗೆ ಏರಿಸುವ ರಿಟರ್ನ್ ಪಂಪಿನ ಕೋಣೆಯಲ್ಲಷ್ಟೇ ಆಗಲಿ, ಆವಿಯಾದಷ್ಟು ಆರ್‌ಒ ನೀರನ್ನು ತಾನಾಗಿ ತುಂಬಿಸುವ ಎಟಿಒ ಸಾಧನದ ಸೆನ್ಸರ್ ಕೂಡ ಅಲ್ಲೇ ಕೂರಲಿ. ಆಳ ಹೆಚ್ಚಿದ್ದರೆ ಎಗ್‌ಕ್ರೇಟ್ (ಚೌಕಳಿ ಪ್ಲಾಸ್ಟಿಕ್ ಜಾಲರಿ) ಅಥವಾ ಅಕ್ರಿಲಿಕ್ ತುಂಡಿನ ಪೀಠ ಮಾಡಿ ಎತ್ತರಿಸಿ.

ಹೊಸ ಸ್ಕಿಮ್ಮರ್ ಮೊದಲ ಕೆಲವು ದಿನ ಹುಚ್ಚುಹುಚ್ಚಾಗಿ ವರ್ತಿಸುತ್ತದೆ. ಅಕ್ರಿಲಿಕ್ಕಿನ ಮೇಲಿನ ತಯಾರಿಕೆಯ ಎಣ್ಣೆ ಪಸೆ ಹೋಗಿ ತೆಳುಪೊರೆ ಕೂರಲು ಮೂರು ದಿನದಿಂದ ಎರಡು ವಾರ ಬೇಕು. ಅಲ್ಲಿಯವರೆಗೆ ಹೊರಹರಿವಿನ ಗೇಟ್ ವಾಲ್ವ್ ಪೂರ್ತಿ ತೆರೆದಿಟ್ಟು, ನೊರೆ ಕುತ್ತಿಗೆಯ ಬುಡದಲ್ಲೇ ಇರುವಂತೆ ನೋಡಿಕೊಳ್ಳಿ. ಆಮೇಲೆ ದಿನಕ್ಕೆ ಕಾಲು ಸುತ್ತಿನಂತೆ ಮುಚ್ಚುತ್ತ ಬನ್ನಿ, ಒಂದೇ ದಿನ ಎರಡು ಬಾರಿ ತಿರುಗಿಸಬೇಡಿ. ಕಪ್ಪಿನಲ್ಲಿ ಡಿಕಾಕ್ಷನ್ ಬಣ್ಣದ ನೀರು ಬಂದರೆ ಸರಿ. ತಿಳಿ ಚಹಾದ ಬಣ್ಣದ್ದು ದಿನಕ್ಕೆ ಅರ್ಧ ಲೀಟರ್ ಬರುತ್ತಿದ್ದರೆ ತಿಂಗಳಿಗೆ 15 ಲೀಟರ್ ಉಪ್ಪುನೀರು ಹೋಗಿ ಆ ಜಾಗಕ್ಕೆ ಎಟಿಒ ಸಿಹಿನೀರು ತುಂಬುತ್ತದೆ: 700 ಲೀಟರಿನಲ್ಲಿ ಲವಣಾಂಶ ಸಾವಿರಕ್ಕೆ 35ರಿಂದ ಸುಮಾರು 34.25ಕ್ಕೆ ಇಳಿಯುತ್ತದೆ. ಹವಳ ಸಾಕುವವರು ಇದನ್ನು ಕಡೆಗಣಿಸಬಾರದು.

ನೊರೆ ಇದ್ದಕ್ಕಿದ್ದಂತೆ ಕುಸಿದರೆ ಪಂಪನ್ನು ದೂರುವ ಮೊದಲು ಎಣ್ಣೆಯನ್ನು ನೆನೆಯಿರಿ. ಕೊಬ್ಬರಿ ಎಣ್ಣೆ ಹಚ್ಚಿದ ಕೈ ಟ್ಯಾಂಕಿಗೆ ಹಾಕಿದರೆ, ಕೊಬ್ಬಿರುವ ಫ್ರೋಜನ್ ಆಹಾರ ಕೊಟ್ಟರೆ, ಕೆಲವು ಗಂಟೆ ನೊರೆ ಏಳುವುದಿಲ್ಲ, ತಾನಾಗಿ ಸರಿಹೋಗುತ್ತದೆ. ಉಕ್ಕಿ ಹರಿದರೆ ಕಾರಣ ಇನ್ನೊಂದು: ಹವಳ ಅಂಟಿಸುವ ಎಪಾಕ್ಸಿ, ಸರಿಯಾಗಿ ಒಣಗದ ಸಿಲಿಕೋನ್, ಕ್ಲೋರಿನ್ ತೆಗೆಯುವ ದ್ರಾವಣ, ಕೆಲವು ಔಷಧಿಗಳು. ಇವುಗಳನ್ನು ಬಳಸುವ ದಿನ ಕಪ್ಪಿನ ತಳದ ಡ್ರೈನನ್ನು ಸಂಪಿಗೇ ಬಿಟ್ಟು ಗಾಳಿ ಓಡಲು ಬಿಡಿ. ಆರಿಸುವುದು ಬೇಡ, ಮೀನಿಗೆ ಆಮ್ಲಜನಕದ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ.

ನಮ್ಮಲ್ಲಿ ಕರೆಂಟಿನ ವಿಷಯ ಬೇರೆಯೇ ಅಧ್ಯಾಯ. ಕರೆಂಟ್ ಹೋದಾಗ ಮೇಲಿನ ಟ್ಯಾಂಕ್ ಮತ್ತು ಪೈಪಿನ ನೀರು ಸಂಪಿಗೆ ಇಳಿದು ಮಟ್ಟ ಏರುತ್ತದೆ. ಬಂದ ಕೂಡಲೇ ಸ್ಕಿಮ್ಮರ್ ಆ ಎತ್ತರದಲ್ಲೇ ಶುರುವಾದರೆ ಕಪ್ ತುಂಬಿ ನೆಲಕ್ಕೆ ಹರಿಯುತ್ತದೆ. ರಿಟರ್ನ್ ಪಂಪ್ ತಕ್ಷಣ, ಸ್ಕಿಮ್ಮರ್ ಹತ್ತು ನಿಮಿಷ ತಡವಾಗಿ ಚಾಲೂ ಆಗುವಂತೆ ಡಿಲೇ ಇರುವ ಸ್ಮಾರ್ಟ್ ಪ್ಲಗ್ ಹಾಕಿ. ಎಸಿ ಪಂಪನ್ನು ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿಸಬೇಡಿ, ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಪ್ಯೂರ್ ಸೈನ್ ವೇವ್ ಬೇಕು. ಅಗ್ಗದ ಎಸಿ ಪಂಪ್‌ಗಳಲ್ಲಿ ಇನ್ನೊಂದು ದೋಷ: ಕರೆಂಟ್ ಮರಳಿದಾಗ ಇಂಪೆಲ್ಲರ್ ಹಿಮ್ಮುಖವಾಗಿ ತಿರುಗತೊಡಗುತ್ತದೆ, ಗಾಳಿ ಅರ್ಧಕ್ಕಿಳಿದು ಸದ್ದು ಜೋರಾಗುತ್ತದೆ. ಒಂದೇ ದಿಕ್ಕಿಗೆ ತಿರುಗಿಸುವ ಎಲೆಕ್ಟ್ರಾನಿಕ್ಸ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಅಮೆರಿಕದ ನೆಂಟರ ಕೈಲಿ ತರಿಸುವ ಯೋಚನೆಯಿದ್ದರೆ ಎಸಿ ಮಾದರಿ ಬೇಡವೇ ಬೇಡ. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಸರಿಮಾಡುತ್ತದೆ, ಹರ್ಟ್ಸನ್ನಲ್ಲ. ಪಂಪ್ ಆರರಲ್ಲಿ ಐದು ಪಾಲು ವೇಗದಲ್ಲೇ ತಿರುಗುತ್ತದೆ. ಡಿಸಿ ಮಾದರಿಯ ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದ್ದರೆ ಧೈರ್ಯವಾಗಿ ತರಿಸಿ. ಬಿಲ್ಲಿನ ಲೆಕ್ಕಕ್ಕೆ, 25 ವ್ಯಾಟಿನ ಪಂಪ್ ತಿಂಗಳಿಗೆ 18 ಯೂನಿಟ್, 50 ವ್ಯಾಟಿನದು 36.

ಸ್ಕಿಮ್ಮರ್ ಎಳೆಯುವುದು ನಿಮ್ಮ ಕೋಣೆಯ ಗಾಳಿಯನ್ನೇ, ಅದೂ ಗಂಟೆಗೆ ನೂರಾರು ಲೀಟರ್. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರಾವಣ, ಜಿರಳೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ಸೀಗಡಿ, ಏಡಿಗಳಿಗೆ ಘೋರ ವಿಷ, ಮೀನಿಗೂ ಅಪಾಯ. ಟ್ಯಾಂಕ್ ಇರುವ ಕೋಣೆಯಲ್ಲಿ ಇವು ಬೇಡ, ಸೊಳ್ಳೆ ಪರದೆ ಕಟ್ಟಿ. ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ ಇಳಿಯುತ್ತದೆಂದು ಕೆಲವರು ಕೊಳವೆಯನ್ನು ಕಿಟಕಿಯಾಚೆ ಬಿಡುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಬೀದಿಯಲ್ಲಿ ಫಾಗಿಂಗ್ ಹೊಗೆ ಬಿಡುವ ಹೊತ್ತಿಗೆ, ಮನೆಗೆ ಬಣ್ಣ ಬಳಿಯುವಾಗ, ಪೆಸ್ಟ್ ಕಂಟ್ರೋಲ್ ಮಾಡಿಸುವಾಗ ಸ್ಕಿಮ್ಮರ್ ಆರಿಸಿ, ಟ್ಯಾಂಕ್ ಮುಚ್ಚಿ, ಟ್ಯಾಂಕಿನೊಳಗೆ ನೀರು ಕದಡುವ ವೇವ್‌ಮೇಕರ್ ಒಂದನ್ನೇ ಓಡಲು ಬಿಡಿ.

ಶುಚಿ ಮಾಡುವ ಕ್ರಮ ಕಷ್ಟದ್ದಲ್ಲ. ಕುತ್ತಿಗೆಯ ಒಳಗೋಡೆಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ಒರೆಸಿ, ಅಲ್ಲಿನ ಜಿಡ್ಡು ನೊರೆಯನ್ನು ಒಡೆಯುತ್ತದೆ. ತಿಂಗಳಿಗೊಮ್ಮೆ ಗಾಳಿ ಕೊಳವೆಯ ಮೂಲಕ ಒಂದು ಲೋಟ ಬೆಚ್ಚನೆಯ ಆರ್‌ಒ ನೀರು ಎಳೆಸಿ, ವೆಂಚುರಿಯಲ್ಲಿ (ಪಂಪಿಗೆ ಗಾಳಿ ಸೇರುವ ಕಿರಿದಾದ ಬಾಯಿಯಲ್ಲಿ) ಕಟ್ಟಿದ ಉಪ್ಪು ಕರಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಪಂಪ್ ಬಿಚ್ಚಿ, ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಒಂದೆರಡು ಗಂಟೆ ನೆನೆಸಿ, ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ಕಾಲ್ಕ್‌ವಾಸರ್ (ಹವಳಕ್ಕೆ ಕೊಡುವ ಸುಣ್ಣದ ತಿಳಿನೀರು) ಹಾಕುವವರಿಗೆ ಸುಣ್ಣ ಬೇಗ ಕಟ್ಟುವುದರಿಂದ ಎರಡು ತಿಂಗಳಿಗೇ ಬೇಕಾದೀತು. ಪಾತ್ರೆ ಸೋಪು ಮುಟ್ಟಿಸಬೇಡಿ. ಹೊಸದಿದ್ದಾಗಲೇ ಗಾಳಿ ಕೊಳವೆಗೆ ರೋಟಾಮೀಟರ್ (ಗಾಳಿಯ ಹರಿವು ಅಳೆಯುವ ಮೀಟರ್) ಸಿಕ್ಕಿಸಿ ಎಷ್ಟು ಗಾಳಿ ಎಳೆಯುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಅದು ಐದನೇ ಒಂದು ಪಾಲು ಇಳಿಯಿತೆಂದರೆ ನಿಂಬೆ ಉಪ್ಪಿನ ಹೊತ್ತು ಬಂತು.

ಡಿಸಿಯ ದುರ್ಬಲ ಜಾಗ ಕಂಟ್ರೋಲರ್. ಸಂಪಿನ ಮೇಲಿನ ಉಪ್ಪಿನ ತೇವ ಅದರ ಪಿನ್ನುಗಳನ್ನು ತಿನ್ನುತ್ತದೆ. ಕ್ಯಾಬಿನೆಟ್ಟಿನ ಹೊರಬದಿಗೆ, ನೀರಿನ ಮಟ್ಟಕ್ಕಿಂತ ಮೇಲೆ ಕೂರಿಸಿ, ವೈರನ್ನು ಕೆಳಗೆ ಬಾಗಿಸಿ ಮೇಲೆ ತನ್ನಿ, ಇಳಿಯುವ ಹನಿ ಅಲ್ಲೇ ಬೀಳಲಿ. ಇಂಪೆಲ್ಲರ್, ಸೆರಾಮಿಕ್ ಕಡ್ಡಿ, ಓ ರಿಂಗ್, ಡಿಸಿಯಾದರೆ ಒಂದು ಅಡಾಪ್ಟರ್, ಇಷ್ಟನ್ನು ಸ್ಕಿಮ್ಮರ್ ಜೊತೆಗೇ ಕೊಳ್ಳಿ. ಹಬ್ಬದ ರಜೆಯಲ್ಲಿ ಪಂಪ್ ನಿಂತರೆ ಯಾವ ಅಂಗಡಿಯೂ ಅದೇ ದಿನ ತರಿಸಿಕೊಡಲಾರದು. ರೀಫ್ ಆಕ್ಟೋಪಸ್, ಬಬಲ್ ಮ್ಯಾಗಸ್, ನ್ಯೋಸ್, ಡೆಲ್ಟೆಕ್ ಯಾವುದನ್ನೇ ನೋಡುತ್ತಿರಲಿ, "ಇದರ ಇಂಪೆಲ್ಲರ್ ನಿಮ್ಮಲ್ಲಿ ಈಗ ಸ್ಟಾಕ್ ಇದೆಯೇ" ಎಂಬ ಪ್ರಶ್ನೆಗೆ ಅಂಗಡಿಯವರು ಕೊಡುವ ಉತ್ತರದ ಮೇಲೆ ನಿರ್ಧಾರ ಮಾಡಿ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಕಿಲ್ಲ. ಇಂಪೆಲ್ಲರ್ ಹೊರತೆಗೆದು ಅಯಸ್ಕಾಂತ ಉಬ್ಬಿದೆಯೇ, ತುಕ್ಕಿನ ಗುರುತಿದೆಯೇ ನೋಡಿ. ಇದ್ದರೆ ಆ ಪಂಪ್ ಬೇಡ, ತುಕ್ಕು ನೇರ ಟ್ಯಾಂಕಿಗಿಳಿಯುತ್ತದೆ. ಸೂಜಿಗಳು ಎಷ್ಟು ಮುರಿದಿವೆ, ವೈರ್ ಮೈಗೆ ಸೇರುವಲ್ಲಿ ಎಪಾಕ್ಸಿ ಬಿರುಕಿದೆಯೇ, ಕಪ್ಪಿನ ಜೋಡಣೆಯಲ್ಲಿ ಸೀಳಿದೆಯೇ ಪರೀಕ್ಷಿಸಿ. ಬಕೆಟ್ ಉಪ್ಪುನೀರಿನಲ್ಲಿ ಅರ್ಧ ಗಂಟೆ ಓಡಿಸಿ ತೋರಿಸಲು ಕೇಳಿ, ಸಿಹಿನೀರಿನಲ್ಲಿ ಗುಳ್ಳೆ ದಪ್ಪಗಾಗುವುದರಿಂದ ಏನೂ ಗೊತ್ತಾಗುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಐದಾರು ಸಲ ಸ್ವಿಚ್ ಆರಿಸಿ ಹಾಕಿ. ಪ್ರತಿ ಸಲವೂ ಅದೇ ಸದ್ದು, ಅಷ್ಟೇ ಗಾಳಿ ಬಂದರೆ ಬೆಲೆಯ ಮಾತಿಗೆ ಕೂರಬಹುದು.